ಐದು ಗಂಟೆಯೊಳಗೆ ವಿಶ್ರಾಂತಿ

ಎಲ್ಲಕ್ಕೂ ಕಾರಣ ನೂಲಿನ ಕಾರ್ಖಾನೆಯ ಮಾಲೀಕನಿಗೆ ಬಂದ ಒಂದು ಪತ್ರ. ಕಾರ್ಮಿಕರಿಗೆ ಸಾಕಷ್ಟು ವಿಶ್ರಾಂತಿ ಸಿಗುತ್ತಿದೆಯೇ ಎಂದು ನೋಡಲು ಸೋಮವಾರ ತಪಾಸಣೆಯವರು ಬರುತ್ತಾರೆಂದು ಅದರಲ್ಲಿತ್ತು. ವಿಶ್ರಾಂತಿ ಕೊಡಬೇಕೆಂದರೆ ಯಂತ್ರ ನಿಲ್ಲಿಸಬೇಕು. ವಿಶ್ರಾಂತಿಯ ಪೋಸ್ಟರ್ ಅಂಟಿಸಲು ಗೋಂದು ಸಾಕು. ಮಾಲೀಕ ಬುದ್ಧಿವಂತ. ಗೋಂದಿನ ದಾರಿ ಹಿಡಿದ.

ಪೋಸ್ಟರಿನ ಕೆಲಸ ಒಂದು ಜಾಹೀರಾತು ಕಚೇರಿಗೆ ಬಂತು. ಅಲ್ಲಿಂದ ಜಾರಿ ಶನಿವಾರ ಬೆಳಿಗ್ಗೆ ಗೆರೆರಾಯನ ಮೇಜಿಗೆ ಬಿತ್ತು. ಗೆರೆರಾಯ ಎಂಬುದು ಸಹೋದ್ಯೋಗಿಗಳು ಇಟ್ಟ ಹೆಸರು. ಹದಿನಾಲ್ಕು ವರ್ಷದಿಂದ ಆತ ಅಲ್ಲಿ ಚಿತ್ರ ಬರೆಯುತ್ತಿದ್ದ. ಆನೆ ಕೇಳಿದರೆ ಆನೆ, ಆನೆಗೆ ಕನ್ನಡಕ ಕೇಳಿದರೆ ಕನ್ನಡಕ, ಐದು ನಿಮಿಷದ ಮಾತು. ಆದರೆ ವಿಶ್ರಾಂತಿ ಎಂದೊಡನೆ ಪೆನ್ಸಿಲು ಸಂತೆಯಲ್ಲಿ ದಾರಿ ತಪ್ಪಿದ ಕತ್ತೆಯ ಹಾಗೆ ನಿಂತುಬಿಟ್ಟಿತು.

"ಸಾಯಂಕಾಲ ಐದು ಗಂಟೆಯೊಳಗೆ ವಿಶ್ರಾಂತಿ ನನ್ನ ಟೇಬಲ್ ಮೇಲಿರಬೇಕು," ಎಂದಿದ್ದರು ಕಚೇರಿಯ ಯಜಮಾನರು. "ಮಾಲೀಕರು ಒಪ್ಪಿದ್ರೆ ನಾಳೆ ಭಾನುವಾರ ನಿಮ್ದು. ಇಲ್ಲಾಂದ್ರೆ ನಾಳೇನೂ ಇಲ್ಲೇ."

ಆರು ಭಾನುವಾರಗಳಿಂದ ಗೆರೆರಾಯ ಅಲ್ಲೇ ಇದ್ದ. ಹತ್ತು ಗಂಟೆಗೆ ಹೆಂಡತಿಯ ಫೋನು ಬಂತು.

"ನಾಳೆ ಇರ್ತೀರೋ ಇಲ್ವೋ, ಒಂದು ಮಾತು ಹೇಳ್ಬಿಡಿ. ಮಗಳ ಸೈಕಲ್ ಆರು ವಾರದಿಂದ ಗೋಡೆಗೆ ಒರಗಿಕೊಂಡಿದೆ. ನಾನು ಹಿಡ್ಕೊಳ್ಳೋಣ ಅಂದ್ರೆ ಅಪ್ಪಾನೇ ಬೇಕಂತೆ ಅವಳಿಗೆ. ನೀವು ಬರದಿದ್ರೆ ಪಕ್ಕದ್ಮನೆಯವ್ರು ಕಲಿಸ್ತೀನಿ ಅಂದಿದಾರೆ."

"ಬೇಡ ಬೇಡ, ನಾನೇ ಕಲಿಸ್ತೀನಿ."

"ಆರು ವಾರದಿಂದ ಇದೇ ಹೇಳ್ತಿದೀರಿ. ಅವ್ರನ್ನೇ ಅಪ್ಪ ಅಂತ ಕರೆದ್ರೆ ಆಮೇಲೆ ನನ್ನನ್ನ ಕೇಳ್ಬೇಡಿ."

ಗೆರೆರಾಯ ಹೊಸ ಹಾಳೆ ತೆಗೆದ. ಮರ ಬರೆದ. ಮರದ ಕೆಳಗೆ ಒಬ್ಬ ಮನುಷ್ಯನನ್ನು ಮಲಗಿಸಿದ. ನೋಡಿದರೆ ಆತ ಮರದಿಂದ ಬಿದ್ದವನಂತೆ ಕಂಡ. ಆರಾಮಕುರ್ಚಿಯಲ್ಲಿ ಕೂರಿಸಿದ, ಹಲ್ಲು ಕೀಳಿಸಿಕೊಳ್ಳಲು ಬಂದವನಂತೆ ಕಂಡ. ಹನ್ನೆರಡರ ಹೊತ್ತಿಗೆ ಕಸದ ಬುಟ್ಟಿ ತುಂಬಿತು. ಬುಟ್ಟಿ ತುಂಬಿದ್ದು ಕಂಡರೆ ಕಚೇರಿಯಲ್ಲಿ ಸಲಹೆಗಾರರು ಹುಟ್ಟಿಕೊಳ್ಳುತ್ತಾರೆ.

ಮೊದಲು ಬಂದವಳು ಜಾಹೀರಾತಿನ ಸಾಲು ಬರೆಯುವಾಕೆ. "ಎಡಗೈಲಿ ಬರೀರಿ. ಬಲಗೈಗೆ ಎಲ್ಲಾ ಗೊತ್ತು ಅನ್ನೋ ಜಂಬ ಇರುತ್ತೆ. ಎಡಗೈ ಪಾಪ, ಮಗು ಇದ್ದ ಹಾಗೆ."

ಗೆರೆರಾಯ ಎಡಗೈಗೆ ಬ್ರಷ್ ಕೊಟ್ಟ. ಮಗು ಮೊದಲ ಏಟಿಗೇ ನೀಲಿ ಬಣ್ಣದ ಬಾಟಲಿ ಉರುಳಿಸಿತು. ಅಂಗಿ, ಮೇಜು, ಆಕೆಯ ಚಪ್ಪಲಿ ಮೂರೂ ನೀಲಿಯಾದವು.

"ಚಿತ್ರ ಬರೀರಿ ಅಂದ್ರೆ ಚಪ್ಪಲಿಗೆ ಬಣ್ಣ ಹೊಡೀತೀರಲ್ರೀ!" ಎಂದು ಆಕೆ ಒಂದೊಂದೇ ಕಾಲು ಎತ್ತುತ್ತ ಹೋದಳು.

ಆಮೇಲೆ ಪ್ರೂಫ್ ತಿದ್ದುವ ಹಿರಿಯ ಬಂದ. ಎಲ್ಲರಿಗೂ ಆತ ಪ್ರೂಫಣ್ಣ. ಪ್ರಪಂಚದಲ್ಲಿ ತಪ್ಪಿಲ್ಲದ್ದು ತನ್ನ ಕನ್ನಡಕವೊಂದೇ ಎಂದು ನಂಬಿದವನು.

"ಗೋಡೆ ನೋಡ್ಕೊಂಡು ವಿಶ್ರಾಂತಿ ಬರಿಯೋಕಾಗುತ್ತೇನಯ್ಯ? ನೀನು ಕೊನೇ ಸಲ ವಿಶ್ರಾಂತಿ ನೋಡಿದ್ದು ಯಾವಾಗ?"

ಗೆರೆರಾಯ ಬೆರಳು ಮಡಿಸಿದ. ಬೆರಳು ಸಾಲಲಿಲ್ಲ.

"ಪಾರ್ಕಿಗೆ ಹೋಗು. ಅಲ್ಲಿ ರಾಶಿ ಬಿದ್ದಿರುತ್ತೆ. ನೋಡಿ ಬರಕೊಂಡು ಬಾ."

ಪಾರ್ಕಿನ ಬೆಂಚಿನ ಮೇಲೆ ಒಬ್ಬ ಮಹಾಶಯ ಬಾಯಿ ತೆರೆದು, ಹೊಟ್ಟೆಯ ಮೇಲೆ ಕೈಚೀಲವಿಟ್ಟುಕೊಂಡು ಮಲಗಿದ್ದ. ಶತ್ರುಸೈನ್ಯ ಬಂದರೂ ಏಳದಂಥ ನಿದ್ದೆ. ಗೆರೆರಾಯನ ಪೆನ್ಸಿಲಿಗೆ ಜೀವ ಬಂತು. ಗಲ್ಲ ಬಂತು, ಬಾಯಿ ಬಂತು, ಬಾಯಿಯೊಳಗಿನ ಕತ್ತಲೆಯೂ ಬಂತು. ಇನ್ನು ಕೈಚೀಲವೊಂದೇ ಬಾಕಿ ಎನ್ನುವಾಗ ಮಹಾಶಯ ಕಣ್ಣು ಬಿಟ್ಟ.

"ಯಾರ್ರೀ ನೀವು? ನನ್ನ ಯಾಕೆ ಬರಕೊಳ್ತಿದೀರಿ?"

"ಕಚೇರಿ ಕೆಲಸ ಸಾರ್..."

ಆ ಒಂದು ಮಾತಿಗೆ ಮಹಾಶಯ ಸುಟ್ಟ ಹಪ್ಪಳದಂತೆ ಮುರುಟಿಕೊಂಡ. "ಕಚೇರಿಯವ್ರು ಕಳಿಸಿದ್ರಾ? ಫೋಟೋ ತೆಗೆದ್ರೆ ಗೊತ್ತಾಗುತ್ತೆ ಅಂತ ಕೈಲಿ ಬರೆಸ್ತಿದಾರಾ? ನಾನು ಬ್ಯಾಂಕಿಗೆ ಅಂತ ಹೇಳೇ ಬಂದಿರೋದು! ಬ್ಯಾಂಕಲ್ಲಿ ರಶ್ ಇತ್ತು!" ಎಂದವನೇ ಹಾಳೆ ಕಿತ್ತು ನಾಲ್ಕು ಚೂರು ಮಾಡಿ, ಚೂರುಗಳನ್ನು ಜೇಬಿಗಿಳಿಸಿ ಓಡಿದ.

ಗೆರೆರಾಯ ಬರಿಗೈಯಲ್ಲಿ ಮರಳುವಾಗ ಎರಡೂವರೆ. ಬಾಗಿಲಲ್ಲೇ ಯಜಮಾನರು.

"ಎಲ್ಲಿಗೆ ಹೋಗಿದ್ರಿ?"

"ವಿಶ್ರಾಂತಿ ನೋಡೋಕೆ ಸಾರ್."

"ನೋಡೋಕೋ, ತಗೊಳ್ಳೋಕೋ?" ಯಜಮಾನರು ಅವನನ್ನು ಕುರ್ಚಿಯಲ್ಲಿ ಕೂರಿಸಿ ಪಾಠ ಶುರು ಮಾಡಿದರು. ಊರೂರಿಗೆ ಹೋಗಿ ಕೇಳಿ ಬಂದ ಭಾಷಣಗಳೆಲ್ಲ ಅವರ ಹೊಟ್ಟೆಯಲ್ಲಿ ಜೀರ್ಣವಾಗದೆ ಉಳಿದಿದ್ದವು. "ಕಲೆ ಹುಟ್ಟೋದು ಖಾಲಿ ಮನಸ್ಸಲ್ಲಿ. ಕಣ್ಮುಚ್ಚಿ. ಮನೆ ಬಿಡಿ, ಮಕ್ಕಳನ್ನ ಬಿಡಿ, ರಜೆ ಅನ್ನೋದಂತೂ ಮೊದಲು ಬಿಡಿ. ಎಲ್ಲ ಖಾಲಿ ಮಾಡಿ. ಆಮೇಲೆ ಏನು ಬರುತ್ತೋ ಅದೇ ನಿಮ್ಮ ಕಲೆ."

ಗೆರೆರಾಯ ಆಜ್ಞೆ ಮೀರದ ನೌಕರ. ಕಣ್ಮುಚ್ಚಿ ಎಲ್ಲವನ್ನೂ ಖಾಲಿ ಮಾಡಿದ. ಜಾಗ ಖಾಲಿಯಾದದ್ದೇ ತಡ, ಆರು ವಾರದಿಂದ ಹೊರಗೆ ಕಾದು ನಿಂತಿದ್ದ ನಿದ್ದೆ ಗಂಟುಮೂಟೆ ಸಮೇತ ಒಳಗೆ ಬಂದು ಕೂತಿತು.

ಎಚ್ಚರವಾದಾಗ ಗಂಟೆ ನಾಲ್ಕೂಮುಕ್ಕಾಲು. ಕೆನ್ನೆಗೆ ಬಿಳಿ ಹಾಳೆ ಅಂಟಿತ್ತು. ಎದುರಿಗೆ ಪ್ರೂಫಣ್ಣ.

"ಎದ್ದೆಯಾ ಮಾರಾಯ? ನೀನು ಗೆದ್ದೆ!"

"ಏನ್ ಗೆದ್ದೆ?"

"ನೀನು ಮಲಗಿದ್ದು ಕಂಡು ಯಜಮಾನ್ರಿಗೆ ಕಿಚ್ಚು ಹತ್ತಿತು. ಫೋಟೋ ತೆಗೆದು ಮಾಲೀಕರಿಗೆ ಕಳಿಸಿದ್ರು. 'ನಿಮ್ಮ ಕೆಲಸ ತಡ ಆಗೋಕೆ ಕಾರಣ ಇದೇ, ನೀವೇ ನೋಡಿ' ಅಂತ ಬರೆಯೋಣ ಅಂದ್ಕೊಂಡ್ರಂತೆ. ಬರೆಯೋಕೆ ಮುಂಚೇನೇ ಆ ಕಡೆಯಿಂದ ಫೋನು! 'ಅಬ್ಬಾ, ಎಂಥ ಪೋಸ್ಟರ್ರೀ! ಇದು ವಿಶ್ರಾಂತಿ ಅಂದ್ರೆ!' ಅಂತ. ಒಪ್ಪಿಬಿಟ್ರು!"

ಗೆರೆರಾಯ ಕೆನ್ನೆಯ ಹಾಳೆ ಕಿತ್ತುಕೊಂಡು ಯಜಮಾನರ ಕೋಣೆಗೆ ಹಾರಿದ. ಕಣ್ಣ ಮುಂದೆ ಬೀದಿ, ಸೈಕಲ್ಲು, ಹಿಂದಿನ ಸೀಟು ಹಿಡಿದು ಓಡುವ ತಾನು.

"ಸಾರ್, ಪೋಸ್ಟರ್ ಒಪ್ಪಿಗೆ ಆಯ್ತಂತೆ. ನಾಳೆ ರಜೆ..."

"ಯಾವ ರಜೆ?" ಯಜಮಾನರು ಅಚ್ಚರಿಯಿಂದ ತಲೆಯೆತ್ತಿದರು. "ಪೋಸ್ಟರ್ ಮಾಡಿದ್ದು ನಾನು. ಕ್ಯಾಮೆರಾ ಹಿಡಿದಿದ್ದು ನಾನು. ನೀವು ಮಾಡಿದ್ದೇನು?"

"ಮಲಗಿದ್ದು ನಾನೇ ಅಲ್ವಾ ಸಾರ್?"

"ಅದನ್ನೇ ಹೇಳ್ತಿರೋದು. ಕಚೇರಿ ಹೊತ್ತಲ್ಲಿ ಎರಡು ಗಂಟೆ ಮಲಗಿದೀರಿ. ಅದನ್ನ ಅರ್ಧ ದಿನದ ರಜೆ ಅಂತ ಬರೆದಾಯ್ತು." ಆಮೇಲೆ ಅವರ ದನಿಗೆ ಬೆಣ್ಣೆ ಹತ್ತಿತು. "ಬೇಜಾರ್ ಮಾಡ್ಕೋಬೇಡಿ. ಮಾಲೀಕರಿಗೆ ನಿಮ್ಮ ಮುಖ ತುಂಬಾ ಹಿಡಿಸಿದೆ. ಕಾರ್ಖಾನೆಯ ಹನ್ನೆರಡು ವಿಭಾಗಕ್ಕೆ ಹನ್ನೆರಡು ಪೋಸ್ಟರ್ ಬೇಕಂತೆ. ತಪಾಸಣೆ ಸೋಮವಾರ ತಾನೇ? ನಾಳೆ ಬೆಳಿಗ್ಗೆ ಎಂಟಕ್ಕೆ ಬಂದು ಸಂಜೆವರೆಗೂ ಮಲಗಬೇಕು. ಒಂದೇ ಒಂದು ಮಾತು: ಮುಖದಲ್ಲಿ ದಣಿವು ಕಾಣುತ್ತೆ ಅಂದ್ರು. ರಾತ್ರಿ ಚೆನ್ನಾಗಿ ನಿದ್ದೆ ಮಾಡ್ಕೊಂಡು ಬನ್ನಿ."

ಗೆರೆರಾಯ ಮೆಟ್ಟಿಲಿಳಿದು ಬೀದಿಗೆ ಬಂದು ಮನೆಗೆ ಫೋನು ಮಾಡಿದ. ಹೆಂಡತಿ ಎತ್ತಿದಳು. ಹಿಂದೆಯೇ ಸೈಕಲ್ಲಿನ ಗಂಟೆ ಕೇಳಿಸಿತು.

"ನಾಳೆ ಬರೋಕಾಗಲ್ಲ ಕಣೇ."

"ಈ ಸಲ ಏನು ಕೆಲಸ?"

"ಮಲಗೋದು."

"ಮಲಗೋಕೆ ಅಲ್ಲೀವರೆಗೂ ಯಾಕ್ರೀ ಹೋಗ್ಬೇಕು? ಮನೇಲೇ ಮಲಗಿ."

"ಆಗಲ್ಲ," ಎಂದ ಗೆರೆರಾಯ. "ಮನೇಲಿ ಮಲಗಿದ್ರೆ ರಜೆ ಹಾಕ್ಬೇಕು."