ಸುಗಲಾ ಹಂಚಿನಾಳಳ ನೀಲಸ್ಫಟಿಕ ಸಂಗ್ರಾಮ

ಓ ವಾಗ್ದೇವಿ, ಈ ಮಹಾಸಮರವನ್ನು ಬಣ್ಣಿಸಲು ನಾಲಗೆಗೆ ಬಲ ಕೊಡು. ಗಂಟಲನ್ನೂ ಕಾಪಾಡು, ಏಕೆಂದರೆ ಆ ರಣರಂಗದ ಗಾಳಿಯಲ್ಲಿ ಅಮೋನಿಯ ಹೆಚ್ಚು. ಮಾರ್ಗದರ್ಶಕರು ಅಧ್ಯಾಯಕ್ಕಾಗಿ ಗರ್ಜಿಸುತ್ತಿದ್ದ, ಅನುದಾನವು ಕಾಮನಬಿಲ್ಲಿನಂತೆ ಕಂಡು ಕರಗುತ್ತಿದ್ದ ಸಂಶೋಧನಾಯುಗವದು. ವಿಜಯಪುರದ ಕಾಲೇಜೊಂದರ ರಸಾಯನಶಾಲೆಯಲ್ಲಿ ಶ್ವೇತಕಂಚುಕಧಾರಿಣಿ, ಆಮ್ಲದಗ್ಧಾಂಗುಲಿ ಸುಗಲಾ ಹಂಚಿನಾಳ ತಪಸ್ಸಿಗೆ ಕುಳಿತಿದ್ದಳು.

ಎಡಗೈ ಬಲಗೈಗಳಂತೆ ಹೋಲುವ ಅಣುಗಳ ಜೋಡಿಯಲ್ಲಿ ಬಲಗೈಯದನ್ನಷ್ಟೇ ಹುಟ್ಟಿಸಬಲ್ಲ ತಾಮ್ರದ ಸಂಯುಕ್ತ, ಅದು ಅವಳು ಬೇಡಿದ ವರ. ತಾನೇ ಕಟ್ಟಿದ ಅಣುವೊಂದನ್ನು ತಾಮ್ರದ ದ್ರಾವಣಕ್ಕೆ ಬೆರೆಸಿ, ತಳದಲ್ಲಿ ಉಳಿದ ಬಿಳಿ ಪುಡಿಯನ್ನು ಕಸವೆಂದು ಸೋಸಿ ಬದಿಗಿಟ್ಟು, ನಲವತ್ತೊಂದು ದಿನ ಕಾದಳು. ಮರುದಿನ ಗಾಜಿನ ತಟ್ಟೆಯಲ್ಲಿ ತೊಗರಿಕಾಳಿನಷ್ಟು ನೀಲಸ್ಫಟಿಕ ಅವತರಿಸಿತು. ಒಂದೇ ಒಂದು.

ಅದನ್ನು ಅರೆಯಲು ಅವಳು ಕಲ್ಲುಗುಂಡನ್ನು ಎತ್ತಿದ್ದಳಷ್ಟೆ. ಸುದ್ದಿ ತಿಳಿದ ಭೌತಶಾಸ್ತ್ರ ವಿಭಾಗದ ವರ್ಣಪಟಲವಿಶಾರದ, ಕಿರಣಾಸ್ತ್ರಕೋವಿದ ಪದ್ಮಣ್ಣ ಉಪಾಧ್ಯೆ ಎರಡೆರಡು ಮೆಟ್ಟಿಲು ಹಾರಿ ಬಂದು ತಟ್ಟೆಯ ಅಂಚನ್ನು ಹಿಡಿದನು.

“ಬಸುರಿ ಅಕ್ಕನ ಕುಬಸಕ್ಕೂ ಹೋಗದ ಇದರ ಮುಂದ ಕುಂತೀನಿ,” ಎಂದಳು ಸುಗಲಾ. “ಅರದು ಕರಗಿಸಿ ಇವತ್ತ ಕೆಲಸಕ್ಕ ಹಚ್ಚಾಕಿ ನಾ.”

“ಅರದ ಮ್ಯಾಲೆ ಹರಳು ಎಲ್ಲಿ ಉಳೀತೈತ್ರಿ ಮೇಡಂ? ಬೆಳಕು ಹಾಯಿಸಿ ತಾಮ್ರದ ಹೊಟ್ಟ್ಯಾಗಿನ ಗುಟ್ಟು ಹೇಳಾಂವ ಮೂರು ಜಿಲ್ಲಾದಾಗ ನಾ ಒಬ್ಬನ.”

ಆಮೇಲೆ ಮಾತು ನಿಂತು ಎಳೆದಾಟ ಮೊದಲಾಯಿತು. ಸ್ಟೂಲುಗಳು ಕಂಪಿಸಿದವು, ಬ್ಯೂರೆಟ್ಟುಗಳು ಕಿಣಿಕಿಣಿಸಿದವು, ಹರಳು ತಟ್ಟೆಯ ಈ ದಡದಿಂದ ಆ ದಡಕ್ಕೆ ಉರುಳಿತು. ಸುಗಲಾಳ ಎದೆ ಅದರ ಜೊತೆಗೇ ಉರುಳಿತು. ಹೊರಗಿನಿಂದ ಬಂದ ಅಟೆಂಡರ್ ಮಲಕಪ್ಪ, ತಟ್ಟೆ ನೆಲಕ್ಕೆ ಬಿದ್ದರೆ ಇಬ್ಬರಿಗೂ ಸಿಗುವುದು ಗಾಜಿನ ಚೂರೇ ಎಂದು ನೆನಪಿಸಿ, ಮೊದಲು ನೋಡುವುದು, ಆಮೇಲೆ ಅರೆಯುವುದು ಎಂದು ತೀರ್ಪಿತ್ತನು. ಸುಗಲಾ ಒಪ್ಪಿದಳು, ಆದರೆ ತಟ್ಟೆಯನ್ನು ತಾನೇ ಹೊತ್ತಳು.

ಮಹಡಿಯ ಕತ್ತಲಕೋಣೆಯಲ್ಲಿ ಕಿರಣವು ಹರಳನ್ನು ಭೇದಿಸಿತು. ಪರದೆಯ ಮೇಲೆ ಗೆರೆಯೊಂದು ಏರಿತು, ಇಳಿಯಿತು. ಪದ್ಮಣ್ಣ ಕಡತದಿಂದ ಹಳೆಯ ಗೆರೆಯೊಂದನ್ನು ತೆಗೆದು ಹೊಸದರ ಮೇಲೆ ಕೂರಿಸಿದನು. ಎರಡೂ ಕೂದಲೆಳೆ ಆಚೀಚೆಯಾಗದೆ ಹೊಂದಿಕೊಂಡವು.

“ಮೇಡಂ,” ಎಂದನು ಮೆಲ್ಲಗೆ, “ಇದು ಬರೇ ಮೈಲುತುತ್ತ ಐತ್ರಿ.”

ಮೊದಲು ಕರಗಿಸಿದ್ದ ತಾಮ್ರದ ಉಪ್ಪೇ ಮರಳಿ ಹರಳಾಗಿತ್ತು, ಅವಳು ಕಟ್ಟಿದ ಅಣು ತಾಮ್ರವನ್ನು ಮುಟ್ಟಿಯೇ ಇರಲಿಲ್ಲ. ಕಸವೆಂದು ಸೋಸಿಟ್ಟ ಬಿಳಿ ಪುಡಿಯೇ ಆ ಅಣು. ಸುಗಲಾ ಸ್ಟೂಲಿನ ಮೇಲೆ ಕುಸಿದಳು. ಕಣ್ಣು ತುಂಬಿತು, ಹಿಂದೆಯೇ ತಡೆಯಲಾಗದ ನಗೆಯೂ ಬಂತು. ಪದ್ಮಣ್ಣ ನೀರು ತಂದುಕೊಟ್ಟು, ನಾಳೆ ಬೇರೆ ದ್ರಾವಕದಲ್ಲಿ ಬೆರೆಸಿ ನೋಡೋಣ, ತಾನೂ ಜೊತೆಗಿರುತ್ತೇನೆ ಎಂದನು.

ಬಾಗಿಲಲ್ಲಿ ನಿಂತಿದ್ದ ಮಲಕಪ್ಪನಿಗೆ ತಿಕೋಟಾದಲ್ಲಿ ಎರಡೆಕರೆ ದ್ರಾಕ್ಷಿ. ಎಲೆರೋಗಕ್ಕೆ ಇದನ್ನೇ ಸುಣ್ಣದಲ್ಲಿ ಕಲಸಿ ಹೊಡೆಯುವವನು. ಸುಗಲಾ ತಟ್ಟೆಯನ್ನು ಅವನತ್ತ ಚಾಚಿದಳು.

“ಒಯ್ರಿ ಕಾಕಾ, ನಿಮ್ಮ ಬಳ್ಳಿಗರೆ ಆಗಲಿ.”

ಮಲಕಪ್ಪ ಮರ್ಯಾದೆಗೆಂದು ಬಗ್ಗಿ ನೋಡಿದನು.

“ಬ್ಯಾಡ್ರಿ ಅಕ್ಕಾರ. ಇಷ್ಟಕ್ಕ ಒಂದು ಎಲಿನೂ ತೊಯ್ಯಾಂಗಿಲ್ಲ.”