ರಸ್ತೆಗೆ ಬೆನ್ನು ಹಾಕಿದ ಬೋರ್ಡು

ಹೊಸನಗರದಲ್ಲಿ ಯಾರೇ ಸತ್ತರೂ, ನನ್ನ ಸೋದರಮಾವ ಬೋರ್ಡಿನ ಮೇಲೆ ಬರೆಯುವವರೆಗೆ ಅವರು ಸತ್ತಂತೆ ಲೆಕ್ಕವಿರಲಿಲ್ಲ! ನಗಬೇಡಿ. ಎಪ್ಪತ್ತರ ದಶಕದ ಮಾತು. ಪೋಸ್ಟಾಫೀಸಿನ ಫೋನು ಮಳೆಗಾಲವಿಡೀ ಮೂರ್ಛೆ ಹೋಗಿರುತ್ತಿತ್ತು. ಯಾವ ಬಸ್ಸು ಕೆಟ್ಟಿತು, ಯಾರ ಎಮ್ಮೆ ಕಳೆಯಿತು, ದಿಲ್ಲಿಯಲ್ಲಿ ಏನಾಯಿತು, ಎಲ್ಲವೂ ಬಸ್‌ಸ್ಟ್ಯಾಂಡಿನ ಹೋಟೆಲ್ ಗೋಡೆಗೆ ತೂಗುಹಾಕಿದ್ದ ಮಾವನ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಪ್ರಕಟವಾಗುತ್ತಿತ್ತು. ಸಂಬಳ? ದಿನಕ್ಕೊಂದು ಕಾಫಿ.

ಗೋಡೆ ಹೋಟೆಲಿನ ಭಟ್ಟರದು, ಮೇಲಿನ ಬಲ್ಬು ಭಟ್ಟರದು, ಒರೆಸುವ ಬಟ್ಟೆಯೂ ಅವರದೇ. ಮಾವನದು ಅಕ್ಷರ ಮಾತ್ರ. ಬರಬರುತ್ತಾ ಭಟ್ಟರು ಬೋರ್ಡಿನ ಕೆಳಗೊಂದು ಮೂಲೆಯನ್ನು ತಿಂಡಿಗೆ ಇಟ್ಟುಕೊಂಡರು. ಒಂದು ದಿನ ಹಿರಿಯರೊಬ್ಬರು ತೀರಿಕೊಂಡ ಸುದ್ದಿಯ ಅಡಿಯಲ್ಲೇ ‘ಬಿಸಿಬಿಸಿ ಗೋಳಿಬಜೆ’ ಎಂದು ಬರೆಸಿಬಿಟ್ಟರು! ಮಾವ ಕೆಂಡವಾದ.

“ಮರ್ಯಾದೆ ಬ್ಯಾಡ್ವಾ ಭಟ್ರೇ?”

“ಗೋಡೆ ನಂದಲ್ದಾ ಮಾರಾಯ್ರೆ? ಬೇಕಾದ್ರೆ ನಿಮ್ಮನೇಲೇ ಹಾಕ್ಕೊಳ್ಳಿ!”

ಮುಗಿಯಿತಲ್ಲ! ಸಾಗರದಿಂದ ರಜೆಗೆಂದು ಬಂದಿದ್ದ ನನ್ನ ತಲೆಯ ಮೇಲೆ ಬೋರ್ಡು ಏರಿತು. ಮಾವನ ಮನೆ ತೀರ್ಥಹಳ್ಳಿ ರಸ್ತೆಯ ಏರಿನಲ್ಲಿ. ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅತ್ತೆ ಅಲ್ಲಿ ಜಗಲಿಯ ಕಿಟಕಿ ಪಕ್ಕದ ಮಂಚ ಬಿಟ್ಟು ಇಳಿದಿರಲಿಲ್ಲ. ನನ್ನ ಮೆರವಣಿಗೆ ನೋಡಿ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಮಾವ ಅಂಗಳದಲ್ಲಿ ಎರಡು ಗೂಟ ಹುಗಿದು ಬೋರ್ಡು ನಿಲ್ಲಿಸಿದ. ಹೇಗೆ ಅಂತೀರಿ? ರಸ್ತೆಗೆ ಬೆನ್ನು ಮಾಡಿ! ಓದಬೇಕಾದವರು ಅಂಗಳದ ಬಾಗಿಲಿನ ದಣಪೆ ದಾಟಿ, ಒಳಗೆ ಬಂದು, ಹಿಂತಿರುಗಿ ನಿಲ್ಲಬೇಕು.

“ಮಾವ, ಇದೆಂತ ಉಲ್ಟಾ?”

“ಮಳೆಗಾಳಿ ರಸ್ತೆ ಕಡೆಯಿಂದ ಹೊಡೀತದೆ.”

“ಗಾಳಿ ಬರೋದು ಮನೆ ಕಡೆಯಿಂದ ಅಲ್ವಾ?”

“ಸಾಗರದವನಿಗೆ ಹೊಸನಗರದ ಗಾಳಿ ವಿಷಯ ಎಂತ ಗೊತ್ತು?”

ಮೊದಲ ಮಳೆಗೇ ದಿಲ್ಲಿ ಸರ್ಕಾರ ಕೊಚ್ಚಿಹೋಯಿತು. ಮೇಲೆ ತಗಡು ಹೊದಿಸಿದೆವು. ಮರುದಿನ ಪಕ್ಕದ ಮನೆಯ ಕರು ಬಂದು ಶಿವಮೊಗ್ಗ ಬಸ್ಸಿನ ವೇಳೆಯನ್ನು ಪೂರ್ತಿ ನೆಕ್ಕಿತು. ಬೇಲಿ ಕಟ್ಟಿದೆವು. “ಭಟ್ರ ಗೋಡೆ, ಬಲ್ಬಿನ ಬೆಲೆ ಈಗ ಗೊತ್ತಾಯ್ತಾ?” ಎಂದಳು ಅತ್ತೆ ಕಿಟಕಿಯಿಂದ.

ಇದೆಲ್ಲ ಸಹಿಸಬಹುದಿತ್ತು. ಆದರೆ ಓದುವವರೇ ಬರಲಿಲ್ಲ! ಹೋಟೆಲ್ ಗೋಡೆಯ ಮೇಲೆ ಮಾವ ‘ಸುದ್ದಿಗೆ ಈ ಕಡೆ’ ಎಂದು ಬಾಣದ ಗುರುತು ಬರೆದು ಬಂದಿದ್ದ. ಹಬ್ಬಕ್ಕೂ ಸುಣ್ಣ ಬಳಿಸದ ಭಟ್ಟರು ಅವತ್ತೇ ಸುಣ್ಣ ಬಳಿಸಿದರು. ದಣಪೆ ಸದ್ದಾದರೆ ಮಾವ ಎದ್ದು ನಿಲ್ಲುತ್ತಿದ್ದ, ಬಂದದ್ದು ನಾಯಿ. ಊಟ ಅರ್ಧಕ್ಕೆ ಬಿಡತೊಡಗಿದ. “ಇನ್ನೊಂದು ವಾರ ನೋಡ್ತೀನಿ. ಆಮೇಲೆ ಇದನ್ನ ಒಲೆಗೆ ಹಾಕ್ತೀನಿ” ಎಂದಾಗ ನನಗೆ ನಿಜಕ್ಕೂ ಹೆದರಿಕೆಯಾಯಿತು. ಸೀಮೆಸುಣ್ಣವಿಲ್ಲದ ಮಾವನನ್ನು ನಾನು ಕಂಡೇ ಇರಲಿಲ್ಲ.

ಆ ವಾರದಲ್ಲೇ ಒಂದು ಸಂಜೆ, ಜಡಿಮಳೆಯಲ್ಲಿ, ತೀರ್ಥಹಳ್ಳಿ ಬಸ್ಸು ಬರಲಿಲ್ಲ. ಬಸ್ಸು ಹಳ್ಳಕ್ಕೆ ಬಿತ್ತಂತೆ ಎಂದು ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಅಂದರು. ಜನ ಹೋಟೆಲ್ ಗೋಡೆ ನೋಡಿದರು; ಬರೀ ಸುಣ್ಣ. ಸ್ವಲ್ಪ ಹೊತ್ತಿಗೆ ನಮ್ಮ ಅಂಗಳದ ತುಂಬ ಕೊಡೆ! ಎಲ್ಲರಿಗಿಂತ ಮುಂದೆ, ಕೊಡೆಯೂ ಇಲ್ಲದೆ, ಭಟ್ಟರು. ಕಾಲೇಜಿಗೆ ಹೋಗಿದ್ದ ಅವರ ಮಗಳು ಆ ಬಸ್ಸಿನಲ್ಲಿದ್ದಳು.

“ಎಂತಾರೂ ಬರೀರಿ ಮಾರಾಯ್ರೆ!”

“ಗೊತ್ತಿಲ್ಲದ್ದು ನಾ ಬರೆಯೂದಿಲ್ಲ” ಎಂದ ಮಾವ. ಅವನ ಕೈಯಲ್ಲಿ ಸೀಮೆಸುಣ್ಣ ಪಟ್ಟನೆ ಮುರಿಯಿತು. ಭಟ್ಟರ ಮುಖ ನೋಡಲು ಧೈರ್ಯವಾಗದೆ ನಾನು ತಗಡಿನ ಮೇಲಿನ ಮಳೆ ಕೇಳುತ್ತಾ ನಿಂತೆ.

ಆಗ ತೀರ್ಥಹಳ್ಳಿ ಕಡೆಯಿಂದ ಒಂದು ಲಾರಿ ಏದುಸಿರು ಬಿಡುತ್ತಾ ಏರು ಹತ್ತಿತು. ಮಾವ ಓಡಿದ, ಪಂಚೆ ಎತ್ತಿಕೊಂಡು, ಲಾರಿಯ ಪಕ್ಕದಲ್ಲೇ! ಡ್ರೈವರ್ ಕೂಗಿದ್ದು ಇಂಜಿನ್ ಸದ್ದಿನಲ್ಲಿ ಅವನೊಬ್ಬನಿಗೇ ಕೇಳಿಸಿತು. ಮಾವ ತಿರುಗಿ ಓಡಿಬಂದು ನೇರ ಬೋರ್ಡಿಗೆ ಹೋದ. ಬಾಯಲ್ಲಿ ಹೇಳಬಾರದಿತ್ತೇ? ಮಾವ ಹೇಳುವವನಲ್ಲ ಸ್ವಾಮೀ, ಬರೆಯುವವನು!

ಮುಂದಿದ್ದವರು ನುಗ್ಗಿದರು. ಕೊಡೆಗಳ ಮಧ್ಯೆ ಯಾರಿಗೂ ಏನೂ ಕಾಣಲಿಲ್ಲ. ಆಗ ಮೇಲಿನ ಜಗಲಿಯಿಂದ ಒಂದು ಧ್ವನಿ ಗಟ್ಟಿಯಾಗಿ ಓದಿತು: “ಲಾರಿ ದಾಟಿದ ಮೇಲೆ ಮರ ಬಿದ್ದಿದೆ. ಬಸ್ಸು ಆಚೆ ನಿಂತಿದೆ. ಜನಕ್ಕೆ ಏನೂ ಆಗಿಲ್ಲ.”

ಅತ್ತೆ! ಮನೆಯವರಲ್ಲದೆ ಬೇರೆಯವರು ಅವಳ ಧ್ವನಿ ಕೇಳಿ ಎಷ್ಟು ಕಾಲವಾಗಿತ್ತೋ. “ಇನ್ನೊಂದ್ಸಲ ಓದಿ ಅಮ್ಮಾ” ಎಂದು ಭಟ್ಟರು ಕೈಮುಗಿದರು. ಅವಳು ಮತ್ತೆ ಓದಿದಳು. ಭಟ್ಟರು ಜಗಲಿಯ ಮೆಟ್ಟಿಲ ಮೇಲೆ ಕುಸಿದು ಕೂತು ಮಗುವಿನ ಹಾಗೆ ಅತ್ತರು.

ಮಗಳು ಮನೆ ಸೇರಿದ ಮರುದಿನ ಅವರು ಮತ್ತೆ ಬಂದರು. “ಬೋರ್ಡು ವಾಪಸ್ ತನ್ನಿ. ಗೋಳಿಬಜೆ ಸುದ್ದಿ ಎತ್ತೂದಿಲ್ಲ.”

ಮಾವ ಅಡ್ಡಡ್ಡ ತಲೆಯಾಡಿಸಿದ.

“ಹೋಗ್ಲಿ, ರಸ್ತೆಗಾದ್ರೂ ತಿರುಗಿಸಿ ಮಾರಾಯ್ರೆ. ಜನ ಓದೂದು ಹೆಂಗೆ?”

ಮಾವ ಕಿಟಕಿಯ ಕಡೆ ನೋಡಿದ. ಸಿಕ್ಕಿಬಿದ್ದವನಂತೆ ತಗ್ಗಿದ ದನಿಯಲ್ಲಿ ಹೇಳಿದ: “ಜನ ಒಳಗೆ ಬರ್ತಾರೆ ಭಟ್ರೇ. ಅವಳು ಹೊರಗೆ ಹೋಗೂದು ಹೆಂಗೆ?”

ಗಾಳಿಯ ವಿಷಯ ನನಗೇನೂ ಗೊತ್ತಿರಲಿಲ್ಲ, ನಿಜ. ಸಂಜೆ ಭಟ್ಟರೇ ಏಣಿ ಹತ್ತಿ, ಹೋಟೆಲಿನ ಬಲ್ಬು ತಂದು ಬೋರ್ಡಿನ ಮೇಲೆ ಹಾಕಿದರು. ಇಳಿದು ಬಂದು, ಅತ್ತೆಯ ಕಿಟಕಿಯ ಪಕ್ಕ ನಿಂತು, “ಇಲ್ಲಿಂದ ಸಮಾ ಕಾಣ್ತದಾ ಅಮ್ಮಾ?” ಎಂದು ಕೇಳಿದರು.