ಹಲಸಿನಕಾಯಿ ಟೆನಿಸ್

ಆ ದಿನ ನಡೆದದ್ದು ಹೀಗೇ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಇತಿಹಾಸದಲ್ಲಿ ಎಂ.ಎ. ಮಾಡಿದವನು ನಾನು. ಯಾವ ಸಾಕ್ಷಿಯನ್ನೂ ಸುಲಭಕ್ಕೆ ನಂಬಬೇಡಿ ಎಂದು ವಿಶ್ವವಿದ್ಯಾಲಯದಲ್ಲಿ ಹೇಳಿಕೊಟ್ಟಿದ್ದರು. ಸಾಕ್ಷಿ ನಾವೇ ಆದಾಗ ಏನು ಮಾಡಬೇಕೆಂದು ಹೇಳಿಕೊಟ್ಟಿರಲಿಲ್ಲ. ನನ್ನ ನೆನಪಿನಲ್ಲಿ ಟೀವಿ ಆಟದ ಆ ಪ್ಲಾಸ್ಟಿಕ್ ಹಿಡಿ ಕೈಯಿಂದ ಜಾರಿತು. ಹೆಂಡತಿ ಶೈಲಾಳ ಪ್ರಕಾರ ನಾನು ಅದನ್ನು ಎಸೆದೆ. ಅವಳ ತಮ್ಮ ಪ್ರಸನ್ನನ ಪ್ರಕಾರ ಎಸೆಯುವ ಮೊದಲು ಒಂದು ಮಾತನ್ನೂ ಆಡಿದೆ. ಅದನ್ನು ಇಲ್ಲಿ ಬರೆಯುವಂತಿಲ್ಲ. ಹಿಡಿ ಎಲ್ಲಿ ಹೋಗಿ ಬಿತ್ತು ಎಂಬುದರಲ್ಲಿ ಮಾತ್ರ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ.

ತೀರ್ಥಹಳ್ಳಿಯ ನಮ್ಮ ಅತ್ತೆಯ ಮನೆಯಲ್ಲಿ ಅಂದು ಹಲಸಿನಕಾಯಿ ಹಪ್ಪಳದ ಎರಡನೆಯ ದಿನ. ನಾವು ಬೆಳಗಿನ ಬಸ್ಸಿಗೆ ಸಾಗರದಿಂದ ಬಂದಿಳಿದಾಗ ಹಿಂದಿನ ದಿನದ ಹಪ್ಪಳ ಅಂಗಳದ ಚಾಪೆಯ ಮೇಲೆ ಒಣಗುತ್ತಿತ್ತು. ಆ ಕಾಯಿಗಳನ್ನು ಕೊಯ್ದವರು ಯಾರೆಂದು ನಾನು ಕೇಳಲಿಲ್ಲ. ಇತಿಹಾಸ ಓದಿದವನು ಮೊದಲು ಕೇಳಬೇಕಾದ ಪ್ರಶ್ನೆ ಅದು!

ಹಲಸಿನಕಾಯಿ ಹಪ್ಪಳ ತಿನ್ನಲು ಊರೇ ಬರುತ್ತದೆ, ಕಾಯಿ ಕೊಯ್ಯಲು ಯಾರೂ ಬರುವುದಿಲ್ಲ. ಕೊಯ್ದರೆ ಮೇಣ. ಮೇಣ ಹತ್ತಿದರೆ ಕೈ, ಮೀಸೆ, ಕನ್ನಡಕ, ಮೊಬೈಲು ಎಲ್ಲವೂ ಅವಿಭಕ್ತ ಕುಟುಂಬ. ಇಷ್ಟು ವರ್ಷ ಅಳಿಯನೆಂಬ ಗೌರವದ ಮರೆಯಲ್ಲಿ ಕುರ್ಚಿಯಲ್ಲಿ ಕೂತು ಕಾಫಿ ಕುಡಿದಿದ್ದೆ. ಈ ಸಲ ಪ್ರಸನ್ನ ತಕರಾರು ತೆಗೆದ. ಹೊಸನಗರದ ತನ್ನ ಸಿಮೆಂಟ್ ಅಂಗಡಿಗೆ ಬೀಗ ಹಾಕಿ ಅವನೂ ಆಗಷ್ಟೇ ಬಂದಿದ್ದ. ಮೂಲೆಯಲ್ಲಿ ಕಾಯಿಗಳ ರಾಶಿ ನಮ್ಮಿಬ್ಬರನ್ನೂ ನೋಡುತ್ತಿತ್ತು.

"ಎಷ್ಟು ವರ್ಷ ಅಂತ ಹೊಸ ಅಳಿಯ ಆಗಿರ್ತೀರಿ ಭಾವ? ಈ ಸಲ ನೀವೇ ಕೊಯ್ರಿ."

"ಹೌದು ಮತ್ತೆ," ಎಂದಳು ಶೈಲಾ. ನನ್ನ ಹೆಂಡತಿ!

"ನ್ಯಾಯವಾಗಿ ತೀರ್ಮಾನ ಆಗ್ಲಿ," ಎಂದೆ ಗಂಭೀರವಾಗಿ. "ಮನುಷ್ಯರ ತೀರ್ಪಲ್ಲಿ ಪಕ್ಷಪಾತ ಇರುತ್ತೆ. ಮಿಷನ್ನಿಗೆ ಅಕ್ಕನೂ ಇಲ್ಲ, ತಮ್ಮನೂ ಇಲ್ಲ. ಸೋತವನು ಅಷ್ಟೂ ಕಾಯಿ ಕೊಯ್ಯೋದು."

ಮಿಷನ್ ನನ್ನ ಚೀಲದಲ್ಲೇ ಇತ್ತು. 'ಮನೆಮಂದಿಯೆಲ್ಲ ಕುಣಿದು ಆಡುವ ಪಾರ್ಟಿ ಗೇಮ್' ಎಂದು ಅಂಗಡಿಯವನು ಕೊಟ್ಟದ್ದು. ಟೀವಿಯ ಮೇಲೊಂದು ಕ್ಯಾಮೆರಾ, ಕೈಗೊಂದು ಪ್ಲಾಸ್ಟಿಕ್ ಹಿಡಿ. ನಾವು ಕೈ ಬೀಸಿದರೆ ಪರದೆಯ ಗೊಂಬೆಯೂ ಬೀಸುತ್ತದಂತೆ. ಸಾಗರದಲ್ಲಿ ಬಾಗಿಲು ಹಾಕಿಕೊಂಡು ವಾರವಿಡೀ ಗುಟ್ಟಾಗಿ ಅಭ್ಯಾಸ ಮಾಡಿದ್ದೆ. ಒಂದು ಸಲ ಗೆದ್ದೂ ಇದ್ದೆ. ಆಗ ನಾನು ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದೆ ಎಂಬುದನ್ನು ಯಾರಿಗೂ ಹೇಳಿರಲಿಲ್ಲ.

ಟೀವಿಯೆದುರು ನಿಂತೆವು. ನಮ್ಮ ಬೆನ್ನ ಹಿಂದೆ ಅಂಗಳದ ಕಡೆಯ ಬಾಗಿಲು, ಅದರ ಪಕ್ಕದಲ್ಲೇ ದೊಡ್ಡ ಕಿಟಕಿ. ಶೈಲಾ ಕೊಬ್ಬರಿ ಎಣ್ಣೆಯ ಬಟ್ಟಲು ತಂದು ಇಬ್ಬರ ಅಂಗೈಗೂ ಸುರಿದಳು.

"ಇದೆಂತಕ್ಕೆ ಈಗ್ಲೇ?"

"ಯಾರು ಸೋತ್ರೂ ತಡ ಆಗ್ಬಾರ್ದಲ್ಲ. ಎಣ್ಣೆ ಹಚ್ಚಿದ್ರೆ ಮೇಣ ಹತ್ತಲ್ಲ. ತಿಕ್ಕಿಕೊಳ್ಳಿ."

ಮೊದಲು ಎರಡೂ ಕೈ ಎತ್ತಿ ನಿಲ್ಲಿ ಎಂದಿತು ಯಂತ್ರ. ನಿಂತೆವು. 'ನಿಮ್ಮನ್ನು ಹುಡುಕುತ್ತಿದ್ದೇವೆ' ಎಂದಿತು. ಕೈ ಸೋತು ಬಂತು.

"ಎದುರಿಗೇ ಇದೀವಲ್ಲೋ ಮಾರಾಯ!" ಎಂದ ಪ್ರಸನ್ನ, ಟೀವಿಗೆ.

ಕೊನೆಗೂ ಟೆನಿಸ್ ಶುರುವಾಯಿತು. ನಾನು ಬೀಸಿದೆ. ನನ್ನ ಗೊಂಬೆ ತಾಳಮದ್ದಲೆಯ ಅರ್ಥಧಾರಿಯ ಹಾಗೆ ಪೀಠಿಕೆ ಹಾಕಿ, ಅತ್ತಿತ್ತ ನೋಡಿ, ಚೆಂಡು ಹೋದ ಮೇಲೆ ಕೈ ಎತ್ತಿತು. ಎಡಕ್ಕೆ ಹಾರಿದೆ, ಅದು ಬಲಕ್ಕೆ ಹೋಯಿತು. ಮುಂದೆ ಬಾಗಿದೆ, ಅದು ಕೂತುಬಿಟ್ಟಿತು. ಇದನ್ನು ತಯಾರಿಸಿದವರು ಒಮ್ಮೆಯಾದರೂ ಆಡಿ ನೋಡಿರಲಿಕ್ಕಿಲ್ಲ. ಅಥವಾ ಅವರಿಗೆ ಕೈಗಳೇ ಇರಲಿಕ್ಕಿಲ್ಲ.

ಪ್ರಸನ್ನನ ಗೊಂಬೆಯದೂ ಅದೇ ಅವಸ್ಥೆ. ಅವನು ಬೇಸತ್ತು ಸುಮ್ಮನೆ ನಿಂತು ಕುತ್ತಿಗೆ ತುರಿಸಿಕೊಂಡ. ಆಗ ಅವನ ಗೊಂಬೆಗೆ ಮೈಮೇಲೆ ಬಂತು! ಎಡಕ್ಕೊಂದು ಏಟು, ಬಲಕ್ಕೊಂದು ಏಟು. ಪಾಯಿಂಟ್ ಮೇಲೆ ಪಾಯಿಂಟ್. 'ವಂಡರ್‌ಫುಲ್! ವಂಡರ್‌ಫುಲ್!' ಎಂದು ಟೀವಿ ಕಿರುಚಿತು.

ಬೆರಗಾಗಿ ಹಿಂತಿರುಗಿ ನೋಡಿದೆ. ಕಿಟಕಿಯಾಚೆ ಅಂಗಳದಲ್ಲಿ, ಸರಿಯಾಗಿ ಪ್ರಸನ್ನನ ಹಿಂದೆ, ನಮ್ಮತ್ತೆ ಕೋಲು ಹಿಡಿದು ಹಪ್ಪಳಕ್ಕೆ ಬಂದ ಕಾಗೆಗಳನ್ನು ಓಡಿಸುತ್ತಿದ್ದರು. "ಹುಶ್! ಹುಶ್!" ಒಂದೊಂದು ಹುಶ್‌ಗೂ ಒಂದೊಂದು ಪಾಯಿಂಟ್.

"ಮೋಸ!" ಎಂದೆ. "ಆಡ್ತಿರೋದು ನಿಮ್ಮಮ್ಮ!"

"ಮಿಷನ್ನಿಗೆ ಅಕ್ಕನೂ ಇಲ್ಲ, ತಮ್ಮನೂ ಇಲ್ಲ ಅಂದೋರು ನೀವೇ," ಎಂದಳು ಅಂಪೈರ್ ಶೈಲಾ. "ಅಮ್ಮನ ವಿಷ್ಯ ಎಂತದೂ ಹೇಳ್ಲಿಲ್ಲ."

ಪಕ್ಕಕ್ಕೆ ಸರಿದು ಪ್ರಸನ್ನನ ಜಾಗಕ್ಕೆ ನುಗ್ಗಿದೆ. ಅತ್ತೆ ಚಾಪೆಯ ಇನ್ನೊಂದು ತುದಿಗೆ ಹೋದರು. ಅವನ ಜಾಗದಲ್ಲಿ ನಾನು, ನನ್ನ ಜಾಗದಲ್ಲಿ ಅವನು, ಅತ್ತೆ ಮತ್ತೆ ಅವನ ಹಿಂದೆಯೇ! ಕೊನೆಯ ಪಾಯಿಂಟ್. ಇದ್ದ ಬಲವನ್ನೆಲ್ಲ ಹಾಕಿ, ಹಿಂದಕ್ಕೆ ಬಾಗಿ, ಕೈ ತಿರುಗಿಸಿ ಬೀಸಿದೆ. ಕೈಯಲ್ಲಿ ಎಣ್ಣೆ.

ಹಿಡಿ ಹಿಂದಿನ ಬಾಗಿಲಿನಿಂದ ಹಾರಿ ಹೋಗಿ ಚಾಪೆಯ ನಟ್ಟನಡುವೆ, ಹಪ್ಪಳಗಳ ಮೇಲೆ ಬಿತ್ತು. ಕಾಗೆಗಳೆಲ್ಲ ಒಟ್ಟಿಗೆ ಎದ್ದು ಹೋದವು.

"ಗುರಿ ಅಂದ್ರೆ ಇದು, ಅಳಿಯಂದ್ರೇ!" ಎಂದರು ಅತ್ತೆ ಹೊರಗಿನಿಂದ. "ಒಂದು ಕಾಗೆನೂ ಉಳೀಲಿಲ್ಲ!"

'ವಂಡರ್‌ಫುಲ್!' ಎಂದಿತು ಟೀವಿ. ನನಗೆ, ಮೊದಲ ಸಲ.

ಆದರೂ ಸೋತವನು ನಾನೇ. ಸಂಜೆಯವರೆಗೂ ಕಾಯಿ ಕೊಯ್ದೆ. ಹಚ್ಚಿಕೊಂಡ ಎಣ್ಣೆಯೆಲ್ಲ ಹಿಡಿಯ ಜೊತೆಗೇ ಹೋಗಿತ್ತೇನೋ, ಮೇಣ ಮೊಣಕೈ ದಾಟಿತು. ಪ್ರಸನ್ನ ನನ್ನದೇ ಕುರ್ಚಿಯಲ್ಲಿ ಕೂತು ಕಾಫಿ ಕುಡಿದ.

ಸಾಗರಕ್ಕೆ ಮರಳಿದ ಮೇಲೂ ಕೇಳದೆ ಬಿಟ್ಟ ಆ ಪ್ರಶ್ನೆ ಕೊರೆಯತೊಡಗಿತು. ಅತ್ತೆಗೆ ಫೋನ್ ಮಾಡಿದೆ.

"ಮೊದಲ ದಿನ ಕಾಯಿ ಕೊಯ್ದಿದ್ದು ಯಾರು ಅತ್ತೆ?"

"ತಿಮ್ಮಪ್ಪ. ಕೂಲಿಗೆ ನಾನೇ ಹೇಳಿದ್ನಲ್ಲ. ಎರಡನೇ ದಿನಾನೂ ಕತ್ತಿ ಹಿಡ್ಕಂಡು ಬಂದಿದ್ದ. ನೀವಿಬ್ರೂ ಒಳಗೆ ಆ ನಮೂನಿ ಕುಣೀತಿದ್ರಿ. ಎಂತಕ್ಕೆ ಅಂತ ಕೇಳಿದ್ರೆ ಶೈಲಾ ಹಲಸಿನಕಾಯಿ ಕೊಯ್ಯೋಕೆ ಪಂದ್ಯ ಅಂದ್ಳು. ಪಾಪ, ಗೆದ್ದೋರು ಕೊಯ್ಯೋದೇನೋ, ಇಷ್ಟು ಆಸೆ ಪಡ್ತಾರಲ್ಲ ಅಂತ ಅವನ್ನ ವಾಪಸ್ ಕಳಿಸ್ದೆ. ಆದ್ರೂ ನಮ್ಮ ಪ್ರಸನ್ನಂದು ದೊಡ್ಡ ಮನಸ್ಸು. ತಾನು ಗೆದ್ರೂ ನಿಮಗೇ ಬಿಟ್ಟುಕೊಟ್ಟ!"

ಒಂದೇ ಸಾಕ್ಷಿಯನ್ನು ನಂಬಬಾರದು. ಮುಂದಿನ ಸಲ ತೀರ್ಥಹಳ್ಳಿಗೆ ಹೋದಾಗ ತಿಮ್ಮಪ್ಪನನ್ನೇ ಹುಡುಕಿ ಕೇಳಿದೆ. ಇಡೀ ಪ್ರಕರಣದಲ್ಲಿ, ಹಿಡಿ ಬಿದ್ದ ಜಾಗವನ್ನು ಬಿಟ್ಟರೆ, ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತಾದ ಸಂಗತಿ ಇದೊಂದೇ: ಅವನು ಕತ್ತಿ ಮಸೆದುಕೊಂಡು ಗೇಟಿನ ತನಕ ಬಂದಿದ್ದ.